ಒಂದು ಹೆಣಕ್ಕೆ ಐದು ಮಂದಿ ಕೊಲೆಗಾರರು

ಮುದುಕಪ್ಪನಿಗೆ ವಯಸ್ಸು ಇಪ್ಪತ್ತಾರು. ಹೆಸರಿನಲ್ಲಿದ್ದ ಮುಪ್ಪು ನಾಲಿಗೆಗೆ ಮಾತ್ರ ಬಂದಿರಲಿಲ್ಲ, ಅದೇ ಅವನ ತಾಪತ್ರಯ. ಯಲಬುರ್ಗಾದ ಸಂತೆ ಬಯಲಿನಲ್ಲಿ ಡೇರೆ ಹೊಡೆದಿದ್ದ ಟೂರಿಂಗ್ ಟಾಕೀಸಿನಲ್ಲಿ ಅವನದು ಪ್ರಚಾರದ ಕೆಲಸ. ಜಟಕಾದಲ್ಲಿ ಕೂತು ಮೈಕು ಹಿಡಿದನೆಂದರೆ ನಾಯಕನ ಗತ್ತು, ನಾಯಕಿಯ ಅಳು, ಖಳನ ಕೆಮ್ಮು ಎಲ್ಲ ಒಂದೇ ಗಂಟಲಿನಿಂದ ಸಾಲುಗಟ್ಟಿ ಹೊರಡುತ್ತಿದ್ದವು.

ಗುರುವಾರ ಸಂಜೆ ದುರುಗಪ್ಪನ ಚಹಾದಂಗಡಿಯಲ್ಲಿ ಮರುದಿನದ ಸಿನಿಮಾ ‘ಕಪ್ಪು ಕೊಡೆ’ಯ ಮಾತು ಬಂತು. ಪತ್ತೇದಾರಿ ಕಾದಂಬರಿಯೊಂದನ್ನು ಆಧರಿಸಿದ ಖೂನಿಯ ಕತೆ. ಮುದುಕಪ್ಪ ಬಸಿಯಲ್ಲಿದ್ದ ಚಹಾ ಹೀರಿ, “ಆ ಕಾದಂಬರಿ ನಾ ಯಾವಾಗೋ ಓದಿ ಬಿಸಾಕೀನಿ” ಅಂದುಬಿಟ್ಟ.

ಓದಿದ್ದು ನಿಜ. ಬಿಸಾಕಿದ್ದು ಇನ್ನೂ ನಿಜ: ಮೂರು ತಿಂಗಳ ಹಿಂದೆ ಗಜೇಂದ್ರಗಡದ ಬಸ್ಸಿನಲ್ಲಿ ಮರೆತು ಬಂದಿದ್ದ. ಆದರೆ ಕೊಲೆಗಾರ ಯಾರೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಬಸ್‌ಸ್ಟ್ಯಾಂಡಿನ ಹೇಮಪ್ಪ. ಬಾಡಿಗೆಗೆ ಪುಸ್ತಕ ಕೊಡುವ ಈ ಮಹಾಶಯ ಪ್ರತಿ ಪತ್ತೇದಾರಿ ಕಾದಂಬರಿಯ ಕೊನೆಯ ಎಂಟು ಪುಟ ಕಿತ್ತು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಪುಸ್ತಕ ವಾಪಸು ತಂದವರಿಗೆ ಆ ಪುಟಗಳು ಸಿಗುತ್ತಿದ್ದವು. ಅಂಗಡಿಯ ಮುಂದೆಯೇ ನಿಂತು ಓದಿ, ಕೊಲೆಗಾರನನ್ನು ನೋಡಿ ಮನೆಗೆ ಹೋಗಬೇಕು. ಪುಸ್ತಕ ಕಳೆದ ದಿನದಿಂದ ಮುದುಕಪ್ಪ ಬಸ್‌ಸ್ಟ್ಯಾಂಡಿನ ದಾರಿಯನ್ನೇ ಬಿಟ್ಟಿದ್ದ.

ಶುಕ್ರವಾರ ಬೆಳಿಗ್ಗೆ ಟಾಕೀಸಿನ ಮಾಲಕ ಅಂದಪ್ಪ ಸಾವ್ಕಾರ ಅವನನ್ನು ಡೇರೆಯ ಹಿಂದಕ್ಕೆ ಕರೆದ.

“ಏನಲೇ ಮುದುಕ್ಯಾ, ಕತಿ ನಿನಗ ಗೊತ್ತೈತಂತ? ಊರ ತುಂಬ ಅದ ಮಾತು.”

“ಅದು... ಓದೀನ್ರಿ ಸಾವ್ಕಾರ್ರ, ಆದ್ರ...”

“ಆದ್ರ ಗೀದ್ರ ಬ್ಯಾಡ. ಹೋದ ತಿಂಗಳ ಕುಷ್ಟಗ್ಯಾಗ ಅಲ್ಲಿನ ಪ್ರಚಾರದಾವ ಬ್ಯಾರೆ ಸಿನಿಮಾದ ಗುಟ್ಟು ಬಿಟ್ಟು ಏನಾತು? ಡೇರೆದಾಗ ನಾನು, ಆಪರೇಟರು, ಎರಡು ನಾಯಿ. ಇವತ್ತ ಆಟ ಮುಗಿಯೂದ್ರೊಳಗ ಊರಿಗೆ ಖೂನಿ ಮಾಡಿದವ್ರು ಯಾರಂತ ಗೊತ್ತಾತಂದ್ರ, ನಿನ್ನ ನೌಕರಿ ಅಲ್ಲಿಗೆ ಖತಂ.”

ಬರುವ ಸೋಮವಾರ ಇಟಗಿಯಿಂದ ಮುದುಕಪ್ಪನ ಹೊಸ ಹೆಂಡತಿ ಯಂಕವ್ವ ಸಂಸಾರಕ್ಕೆ ಬರುವವಳಿದ್ದಳು. ಮಾವ ಹೆಣ್ಣು ಕೊಟ್ಟದ್ದೇ “ಅಳಿಯ ಸಿನಿಮಾದಾಗ ಅದಾನ” ಎಂಬ ಒಂದೇ ಕಾರಣಕ್ಕೆ. ಆ ಅಳಿಯ ಸಿನಿಮಾದಿಂದ ಹೊರಗೆ ಬಿದ್ದರೆ ಯಂಕವ್ವನ ಟ್ರಂಕು ಇಟಗಿಯಿಂದ ಹೊರಡುವುದೇ ಇಲ್ಲ.

ಜಟಕಾ ಹೊರಟಿತು. “ಕೊಲೆಗಾರ ಯಾರು? ತಮ್ಮನೋ? ಹೆಂಡತಿಯೋ? ಅಡಿಗೆಯವನೋ? ಡಾಕ್ಟರೋ?” ಎಂದು ನಾಲ್ಕು ದನಿಯಲ್ಲಿ ಕೂಗುತ್ತ ಪೊಲೀಸ್ ಠಾಣೆಯ ಮುಂದೆ ಬಂದಾಗ ಹವಾಲ್ದಾರ ಲಾಠಿ ಅಡ್ಡ ಹಿಡಿದ.

“ಯಾರಲೇ ಹೊಡದಾವ?”

“ನನಗ ಖರೇನ ಗೊತ್ತಿಲ್ರಿ ಸಾಹೇಬ್ರ.”

“ಸ್ಟೇಷನ್ನಿಗೆ ಬಂದಾವ್ರೆಲ್ಲ ಮೊದ್ಲು ಹಿಂಗ ಅಂತಾರ. ಮೈಕಿನ ಲೈಸನ್ಸ್ ತಗಿ.”

ಲೈಸನ್ಸು ಸಾವ್ಕಾರನ ಪೆಟ್ಟಿಗೆಯಲ್ಲಿತ್ತು. ಮುದುಕಪ್ಪ ಬಾಗಿ ಹವಾಲ್ದಾರನ ಕಿವಿಗೆ, “ಸತ್ತವನ ತಮ್ಮರಿ. ಯಾರಿಗೂ ಹೇಳಬ್ಯಾಡ್ರಿ” ಅಂದ. ಜಟಕಾ ಮುಂದೆ ಹೋಯಿತು.

ಮನೆಯ ಓಣಿಯಲ್ಲಿ ಮನೆಯೊಡತಿ ಶಾಂತಕ್ಕ ಕಾದಿದ್ದಳು. “ನನಗ ಬಿಪಿ ಐತಪಾ. ಯಾರಂತ ಮೊದ್ಲ ಗೊತ್ತಿದ್ರ ಆರಾಮ ಕುಂತು ನೋಡ್ತೀನಿ.”

“ಗೊತ್ತಿಲ್ರಿ ಅಕ್ಕಾರ.”

“ಆತು ಬಿಡು. ಸೋಮವಾರ ನಿನ್ನ ಹೇಣ್ತಿ ಬಂದು ನಮ್ಮ ಬಾವ್ಯಾಗ ನೀರು ಸೇದಬೇಕಲ್ಲ, ಅವತ್ತ ನನಗೂ ಹಗ್ಗ ಎಲ್ಲೈತಿ ಗೊತ್ತಿರಂಗಿಲ್ಲ.”

“ಸತ್ತವನ ಹೇಣ್ತೀನ ಹೊಡದಾಳ್ರಿ!”

“ನಾ ಅಂದಿದ್ದಿಲ್ಲೇನು! ಪೋಸ್ಟರಿನ್ಯಾಗ ಆಕಿ ಹುಬ್ಬು ನೋಡೇ ತಿಳಕೊಂಡೆ” ಎಂದಳು ಶಾಂತಕ್ಕ. ಅವಳ ಬಿಪಿ ಮುದುಕಪ್ಪನಿಗೆ ವರ್ಗವಾಯಿತು.

ಚಹಾದಂಗಡಿಯ ದುರುಗಪ್ಪ ಉದ್ರಿ ನಿಲ್ಲಿಸುತ್ತೇನೆಂದಾಗ ಅವನಿಗೆ ಅಡಿಗೆಯವ ಕೊಲೆಗಾರನಾದ. ಶಾಲೆಯ ಹತ್ತಿರ ಹೆಡ್‌ಮಾಸ್ತರ ದ್ಯಾವಪ್ಪ ಜಟಕಾ ನಿಲ್ಲಿಸಿ, “ನಾಕನೇ ಇಯತ್ತೇದಾಗ ನಿನ್ನ ಪಾಸ್ ಮಾಡಿದಾವ ನಾನು, ಮರೀಬ್ಯಾಡ” ಎಂದಾಗ ಉಳಿದವನು ಡಾಕ್ಟರೊಬ್ಬನೇ.

“ಡಾಕ್ಟರೇನು! ಭಾಳ ಛಲೋ!” ಮಾಸ್ತರರ ಕಣ್ಣು ಹೊಳೆದವು. “ಯಾರಿಗೂ ಹೇಳಂಗಿಲ್ಲಪಾ. ಸಂಜಿ ಬೆಲ್ ಆದಮ್ಯಾಲ ಸ್ಟಾಫಿಗಷ್ಟ.”

ಮೂರೂವರೆಗೆ ಬೇವಿನ ಮರದ ಕೆಳಗೆ ಕೂತು ಮುದುಕಪ್ಪ ಮೊದಲ ಬಾರಿಗೆ ನಿರಾಳವಾಗಿ ಉಸಿರುಬಿಟ್ಟ. ಒಬ್ಬೊಬ್ಬರಿಗೆ ಒಂದೊಂದು ಸುಳ್ಳು! ತನ್ನ ಜಾಣತನಕ್ಕೆ ತಾನೇ ನಗುತ್ತ ಕೈಯಲ್ಲಿದ್ದ ಕರಪತ್ರ ನೋಡಿದ. ಅದರಲ್ಲಿ ನಾಲ್ಕು ಮುಖ. ತಮ್ಮ, ಹೆಂಡತಿ, ಅಡಿಗೆಯವ, ಡಾಕ್ಟರು. ಇಡೀ ಕತೆಯಲ್ಲಿ ಅನುಮಾನಕ್ಕೆ ಸಿಕ್ಕವರೇ ನಾಲ್ಕು ಜನ. ತಾನು ಹೇಳಿದ್ದೂ ನಾಲ್ಕು ಜನಕ್ಕೆ.

ನಾಲ್ಕರಲ್ಲಿ ಒಂದು ನಿಜವಾಗಿರಲೇಬೇಕು! ಯಾವುದು? ಅದನ್ನು ಬಲ್ಲದ್ದು ಹೇಮಪ್ಪನ ಟ್ರಂಕು ಮಾತ್ರ.

ಮೂರು ತಿಂಗಳ ನಂತರ ಕಂಡ ಗಿರಾಕಿಯನ್ನು ಹೇಮಪ್ಪ ಕನ್ನಡಕದ ಮೇಲಿನಿಂದ ನೋಡಿದ. “ಪುಸ್ತಕ?”

“ಹೇಮಪ್ಪಣ್ಣ, ಕಾಲಿಗೆ ಬೀಳ್ತೀನಿ. ಖೂನಿ ಮಾಡಿದವ್ರು ಯಾರಂತ ಅಷ್ಟ ಹೇಳಿಬಿಡು.”

“ಪುಸ್ತಕ?”

“ಬಸ್ಸಿನ್ಯಾಗ ಹೋತಣ್ಣ.”

“ಹಂಗಾದ್ರ ಖೂನಿ ಮಾಡಿದಾವನೂ ಬಸ್ಸಿನ್ಯಾಗ ಹೋದ ತಿಳ್ಕೊ.”

ಮುದುಕಪ್ಪ ಮಾವ ಕೊಟ್ಟ ಕೈಗಡಿಯಾರ ಬಿಚ್ಚಿ ಟ್ರಂಕಿನ ಮೇಲಿಟ್ಟ. ಹೇಮಪ್ಪ ಅದನ್ನು ಕಿವಿಗೆ ಹಿಡಿದು, ಟಿಕ್ ಟಿಕ್ ಕೇಳಿ, ನಿಧಾನವಾಗಿ ಬೀಗ ತೆಗೆದ. ಎಂಟು ಪುಟ ಹೊರಬಂದವು. ಮುದುಕಪ್ಪ ಕೊನೆಯ ಪುಟ ತಿರುವಿದರೆ ಕೊಲೆಗಾರ ಡಾಕ್ಟರು!

ಅಂದರೆ ನಿಜ ಸಿಕ್ಕಿದ್ದು ಹೆಡ್‌ಮಾಸ್ತರರಿಗೆ! ಹವಾಲ್ದಾರನೋ ದುರುಗಪ್ಪನೋ ಆಗಿದ್ದರೆ ಒಂದು ಓಣಿಯಲ್ಲಿ ಮುಗಿಯುತ್ತಿತ್ತು. ಮಾಸ್ತರರು ಹೇಳಿದರೆ ಮುನ್ನೂರು ಮಕ್ಕಳು, ಅವರ ಮುನ್ನೂರು ಮನೆ. ಸಂಜೆಯ ಬೆಲ್ಲಿಗೆ ಇನ್ನೆಷ್ಟು ಹೊತ್ತು? ಕೈ ನೋಡಿಕೊಂಡ, ಗಡಿಯಾರ ಹೇಮಪ್ಪನ ಟ್ರಂಕಿನಲ್ಲಿತ್ತು. ಪಂಚೆ ಎತ್ತಿ ಕಟ್ಟಿ ಓಡಿದ.

ಶಾಲೆಯ ಪ್ಯೂನು ಗಂಟೆಯ ಕೆಳಗೆ ಬಡಿಗೆ ಹಿಡಿದು ನಿಂತಿದ್ದ. ಮುದುಕಪ್ಪ ಅವನನ್ನು ದಾಟಿ ಒಳನುಗ್ಗಿ ಮಾಸ್ತರರ ಮೇಜು ಹಿಡಿದು ಏದುಸಿರು ಬಿಟ್ಟ.

“ಮಾಸ್ತರ್ರ, ತಪ್ಪಾತ್ರಿ. ಡಾಕ್ಟರಲ್ರಿ. ನಿಮ್ಮಂಥ ದೊಡ್ಡವ್ರಿಗೆ ಸುಳ್ಳು ಹೇಳಿದೆ, ಮನಸ್ಸು ತಡೀಲಿಲ್ಲ.”

“ಹಂಗಾದ್ರ ಯಾರು?”

ತಮ್ಮ, ಹೆಂಡತಿ, ಅಡಿಗೆಯವ, ಯಾರ ಹೆಸರು ಹೇಳಿದರೂ ಇನ್ನೊಬ್ಬರ ಹತ್ತಿರ ತಾಳೆಯಾಗಿ, ಹೇಳಿದವನು ತಾನೆಂದು ಬಯಲಾಗುತ್ತದೆ. ಕನಸಿನಲ್ಲೂ ಯಾರೂ ಅನುಮಾನಪಡದಂಥವರು ಬೇಕಿತ್ತು. ಕಾದಂಬರಿಯಲ್ಲಿ ಮೂಲೆಯಲ್ಲಿ ಜಪಮಣಿ ಎಣಿಸುತ್ತ ಕೂತಿರುತ್ತಿದ್ದ ಸತ್ತವನ ಕುರುಡಿ ಅಜ್ಜಿ ಥಟ್ಟನೆ ನೆನಪಾದಳು.

“ಅಜ್ಜಿರಿ. ಕಣ್ಣು ಕಾಣದಾಕಿ. ಖರೇನ ಆಕಿಗೆ ಕಣ್ಣು ಕಾಣ್ತಾವ್ರಿ!”

ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು. “ಅಬ್ಬಬ್ಬಾ! ಇದು ಕತಿ ಅಂದ್ರ!”

ಹೊರಗೆ ಗಂಟೆ ಹೊಡೆಯಿತು.

ಆರೂವರೆಗೆ ಡೇರೆಯ ಮುಂದೆ ಜನವೋ ಜನ. “ಅಜ್ಜಿಯಂತಲೋ”, “ಹೆಡ್‌ಮಾಸ್ತರ್ ಹೇಳ್ಯಾರಂದ್ರ ಸುಳ್ಳಾದೀತೇನು?”, “ಎಂಥಾ ಮುದುಕಿ ಇರಬೇಕು, ನೋಡೇಬಿಡೂಣು” ಎಂಬ ಪಿಸುಮಾತು ನೆಲದ ಟಿಕೀಟಿನವರಿಂದ ಕುರ್ಚಿ ಟಿಕೀಟಿನವರವರೆಗೂ ಹರಿದಾಡುತ್ತಿತ್ತು. ಮುದುಕಪ್ಪ ಒಳಗೊಳಗೇ ಹಿಗ್ಗಿದ. ಇಡೀ ಊರು ಒಂದೇ ಸುಳ್ಳನ್ನು ಒಗ್ಗಟ್ಟಿನಿಂದ ನಂಬಿತ್ತು. ಟಿಕೀಟು ಹರಿಯುವುದರಲ್ಲಿ ಮುಳುಗಿದ್ದ ಸಾವ್ಕಾರನ ಕಿವಿಗೆ ಅದು ಬೀಳಲಿಲ್ಲ.

ಆಟ ಶುರುವಾಯಿತು. ಯಲಬುರ್ಗಾ ಒಂದು ವರ್ಷದಲ್ಲಿ ಕಾಣುವಷ್ಟು ಮಳೆ ಮೊದಲ ರೀಲಿನಲ್ಲೇ ಸುರಿಯಿತು. ಎಲ್ಲರಿಗೂ ಅರ್ಧ ಮುಖ ಬೆಳಕು, ಅರ್ಧ ಮುಖ ಕತ್ತಲೆ. ಕೊನೆಯ ರೀಲಿನಲ್ಲಿ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿದ. ತಮ್ಮನನ್ನು ಬಿಟ್ಟ, ಹವಾಲ್ದಾರ ಗುರ್ ಅಂದ. ಹೆಂಡತಿಯನ್ನು ಬಿಟ್ಟ, ಶಾಂತಕ್ಕ ನೆಟಿಗೆ ಮುರಿದಳು. ಅಡಿಗೆಯವನನ್ನೂ ಬಿಟ್ಟ. ಈಗ ಡಾಕ್ಟರು! ಮುದುಕಪ್ಪ ಕಂಬ ಹಿಡಿದು ನಿಂತ.

“ಡಾಕ್ಟರೇ, ನೀವೂ ಹೋಗಬಹುದು” ಅಂದ ಪತ್ತೇದಾರ.

ಕೋಣೆಯಲ್ಲಿ ಉಳಿದದ್ದು ಪತ್ತೇದಾರ ಮತ್ತು ಮೂಲೆಯಲ್ಲಿ ಜಪಮಣಿಯ ಸದ್ದು.

“ಅಜ್ಜಿ! ಅಜ್ಜಿ! ಹಿಡೀರಿ ಆಕಿನ್ನ!” ಡೇರೆಗೆ ಡೇರೆಯೇ ಎದ್ದು ಕೂಗಿತು. ಅಜ್ಜಿ ನಿಧಾನವಾಗಿ ಕಣ್ಣು ತೆರೆದಳು. ಪತ್ತೇದಾರನಿಗಿಂತ ಮೂರು ನಿಮಿಷ ಮೊದಲೇ ಯಲಬುರ್ಗಾ ಕೊಲೆಗಾರ್ತಿಯನ್ನು ಹಿಡಿದಿತ್ತು.

ಆಟ ಬಿಟ್ಟ ಮೇಲೆ ರೀಲಿನ ಜೊತೆ ಬಂದಿದ್ದ ಕಂಪನಿಯ ಮನುಷ್ಯ ತಲೆ ಮೇಲೆ ಕೈ ಹೊತ್ತಿದ್ದ. “ಕಾದಂಬರಿ ಓದಿದವರಿಗೂ ತಿಳಿಯಬಾರದೂಂತ ಕೊನೇನೇ ಬದಲು ಮಾಡಿದ್ವಿ. ನಿಮ್ಮೂರಿಗೆ ಹೇಗೆ ಗೊತ್ತಾಯ್ತು?”

ಸಾವ್ಕಾರ ಹುಬ್ಬು ಗಂಟಿಕ್ಕಿ ಮುದುಕಪ್ಪನ ಕಡೆ ತಿರುಗುವಷ್ಟರಲ್ಲಿ ಹವಾಲ್ದಾರ ನುಗ್ಗಿ ಬಂದ. “ಏ ಸುಳ್ಳುಬುರುಕ! ತಮ್ಮ ಹೊಡದಾನ ಅಂದಿದ್ದಿಲ್ಲೇನಲೇ?”

“ನನ್ನ ಮುಂದ ಹೇಣ್ತಿ ಅಂದಿ!” ಅಂದಳು ಶಾಂತಕ್ಕ.

“ನನಗ ಅಡಿಗ್ಯಾವ ಅಂದಾನ!” ದುರುಗಪ್ಪ ಕೂಗಿದ.

ಸಾವ್ಕಾರನ ಹುಬ್ಬು ಸಡಿಲವಾಯಿತು. ಮುಖ ಅರಳಿತು. ಮುದುಕಪ್ಪನ ಹೆಗಲ ಮೇಲೆ ಕೈ ಹಾಕಿ, “ಭೇಷ್ ಮಗನ! ಎಲ್ಲಾರನೂ ಬೇರೆ ಬೇರೆ ದಾರಿಗೆ ಹಚ್ಚಿ ಗುಟ್ಟು ಕಾಪಾಡೀಯಲ್ಲೋ! ಬಾಯಿ ಬಿಟ್ಟಾವ ಇನ್ಯಾವನೋ ಅದಾನ. ನಿನ್ನ ನೌಕರಿಗೆ ಧಕ್ಕೆ ಇಲ್ಲ ತಗಿ” ಅಂದ.

ಮುದುಕಪ್ಪನ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಯಂಕವ್ವ ಟ್ರಂಕು ಹಿಡಿದು ಬಸ್ಸು ಹತ್ತಿದ್ದೂ ಕಂಡಿತು.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಹೆಡ್‌ಮಾಸ್ತರ ದ್ಯಾವಪ್ಪ ಬಂದರು. ಮುದುಕಪ್ಪನ ಎರಡೂ ಕೈ ಹಿಡಿದು ಸಾವ್ಕಾರನಿಗೆ ಹೇಳಿದರು:

“ಅಂದಪ್ಪನವರ, ನಿಮ್ಮ ಹುಡುಗ ಬಂಗಾರರಿ! ಉಳಿದವ್ರಿಗೆ ಏನಾರ ಹೇಳಿರಲಿ, ನನಗ ಮಾತ್ರ ಸಾಲಿತನಕ ಓಡಿ ಬಂದು ಖರೇ ಹೇಳಿ ಹೋದ ನೋಡ್ರಿ!”

ಹೆಗಲ ಮೇಲಿದ್ದ ಸಾವ್ಕಾರನ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೊರಳಪಟ್ಟಿಯ ಕಡೆಗೆ ಸರಿಯಿತು.