ಮುನೀಂದ್ರನ ಗೈಡು

ದೇವನಹಳ್ಳಿಯ ಟೀ ಅಂಗಡಿಯಲ್ಲಿ ಮುನೀಂದ್ರ ಕೇಳಿದ್ದು ಒಂದೇ ಪ್ರಶ್ನೆ, ಈ ಊರಿಗೆ ಯಾವ ಯಾವ ದೇಶದಿಂದ ದುಡ್ಡು ಬಂದಿದೆ ಎಂದು. ಅಷ್ಟಕ್ಕೇ ಅವನ ನೆಮ್ಮದಿ ಹಾಳಾಯಿತು.

ಪರದೇಶದವರ ಹಣವನ್ನು ಎಲ್ಲೆಲ್ಲಿ ಹೂಡಬೇಕೆಂದು ಹೇಳುವ ಸಿಂಗಪುರದ ದೊಡ್ಡ ನೌಕರಿ ಬಿಟ್ಟು ಬಂದಿದ್ದವನು ಅವನು. ಆಗ್ನೇಯ ಏಷ್ಯಕ್ಕೂ ದಕ್ಷಿಣ ಭಾರತಕ್ಕೂ ಇರುವ ನಂಟಿನ ಮೇಲೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿದಿತ್ತು. ವ್ಯಾಪಾರದ ವಾಸನೆ ಬಂದರೂ ಸೀಟಿಲ್ಲ ಎಂದು ಗೈಡ್ ಶಶಿರೇಖಾ ಮೇಡಂ ಮೊದಲೇ ಖಡಾಖಂಡಿತವಾಗಿ ಹೇಳಿದ್ದರು. ಟೀ ಅಂಗಡಿಯಲ್ಲಿ ಆ ಪ್ರಶ್ನೆ ಕೇಳಿದ ದಿನವೇ ಅವನ ಕ್ಷೇತ್ರಕಾರ್ಯ ನೋಡಲು ಅವರು ಬರುವುದಿತ್ತು.

ಅಂಗಡಿಯಲ್ಲೇ ಕೂತು ಆ ಪ್ರಶ್ನೆ ಕೇಳಿಸಿಕೊಂಡ ಪಕ್ಕದ ಮನೆಯ ಆವಲಪ್ಪನಿಗೆ ಜಮೀನು ತೋರಿಸುವುದೇ ಕಸುಬು. ವಿಮಾನ ನಿಲ್ದಾಣ ಬಂದ ಮೇಲೆ ಈ ಸೀಮೆಯಲ್ಲಿ ಪ್ರಶ್ನೆ ಕೇಳಿಕೊಂಡು ಓಡಾಡಿದವರೆಲ್ಲ ಜಮೀನಿಗೇ ಬಂದವರು. ಬೇರೆ ಕಾರಣವೂ ಇರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ತಿಂಡಿಯ ಹೊತ್ತಿಗೆ ಮುನೀಂದ್ರನ ಜಗಲಿಯಲ್ಲಿ ಪಹಣಿ ಹಿಡಿದವರು ಸಂತೆಯ ಹಾಗೆ ನೆರೆದಿದ್ದರು.

"ನಾನು ಓದಕ್ಕೆ ಬಂದಿರೋದು ಆವಲಪ್ಪಣ್ಣ," ಎಂದು ಮುನೀಂದ್ರ ಅಂಗಲಾಚಿದ.

"ಗೊತ್ತು ಕಣಪ್ಪಾ. ರೇಟ್ ಏರ್ಬಾರ್ದು ಅಂತ ಎಲ್ರೂ ಏನೋ ಒಂದು ಅಂತಾರೆ," ಎಂದು ಆವಲಪ್ಪ ಕಣ್ಣು ಮಿಟುಕಿಸಿದ.

ರೇಗಿದರೆ ಗಟ್ಟಿ ಗಿರಾಕಿ ಎಂದರು, ಸುಮ್ಮನಾದರೆ ಚೌಕಾಸಿ ಎಂದರು. ಎಲ್ಲರನ್ನೂ ಹಿತ್ತಲಿಗೆ ಅಟ್ಟಿ ಬಾಗಿಲು ಹಾಕುವಷ್ಟರಲ್ಲಿ ಮೇಡಂ ಕಾರು ಬಂದು ನಿಂತಿತು. ನಡುವಯಸ್ಸಿನಲ್ಲಿ ಚಿಗುರಿದ ಆಸೆ ಇದು, ಕೈತಪ್ಪಿದರೆ ಇನ್ನೊಂದು ಸಿಗುವುದಿಲ್ಲ ಎಂದು ಪಾಪ ಮುನೀಂದ್ರ ನಿಜಕ್ಕೂ ಹೆದರಿದ್ದ.

ಮೇಡಂ ಮಜ್ಜಿಗೆ ಲೋಟ ಎತ್ತಿಕೊಂಡರೋ ಇಲ್ಲವೋ, ಆವಲಪ್ಪ ಹಿತ್ತಲ ಬಾಗಿಲು ತಳ್ಳಿಕೊಂಡು ಬಂದೇಬಿಟ್ಟ. ಉಪಕಾರ ಮಾಡುವ ಹುರುಪಿನಲ್ಲಿ, ನಮ್ಮ ಮುನೀಂದ್ರ ಈಗಲೂ ಸಿಂಗಪುರದ ಕಂಪನಿಗೇ ಜಮೀನು ನೋಡುತ್ತಿರುವುದು, ಅಲ್ಲಿ ಇವನ ಮಾತೆಂದರೆ ಮಾತು ಎಂದೆಲ್ಲ ಹೊಗಳಿ ಅಟ್ಟಕ್ಕೇರಿಸಿದ.

ಮೇಡಂ ಲೋಟ ಕೆಳಗಿಟ್ಟರು. "ಸೀಟಿನ ವಿಷಯ ಮರ್ತುಬಿಡಿ ಮುನೀಂದ್ರ."

"ಇವ್ರು ಹೇಳ್ತಿರೋದು ಸುಳ್ಳು ಮೇಡಂ. ಆ ಕಂಪನಿ ನಾನು ಪೂರ್ತಿ ಬಿಟ್ಬಿಟ್ಟಿದೀನಿ."

"ಅದು ನನಗೆ ಗೊತ್ತಿಲ್ವಾ? ನೀವು ಬಿಟ್ಟ ಜಾಗಕ್ಕೆ ನಾನೇ ಹೋಗ್ತಾ ಇರೋದು. ಯೂನಿವರ್ಸಿಟಿಗೆ ನಿನ್ನೆ ರಾಜೀನಾಮೆ ಕೊಟ್ಟೆ. ಹೇಳಿ ಹೋಗೋಣ ಅಂತ ಬಂದೆ."

ಮೇಡಂ ಆವಲಪ್ಪನ ಕಡೆ ತಿರುಗಿದರು.

"ಯಜಮಾನ್ರೇ, ಆ ಜಮೀನು ಯಾವ ಕಡೆ ಬರ್ತದೆ?"

ಹಿತ್ತಲಿನಲ್ಲಿದ್ದವರೆಲ್ಲ ಅವರ ಕಾರಿನ ಹಿಂದೆ ಹೊರಟುಹೋದರು. ಕ್ಷೇತ್ರಕಾರ್ಯಕ್ಕೆ ಮಾತಾಡಿಸೋಣವೆಂದರೂ ಮುನೀಂದ್ರನಿಗೆ ಆ ಬೀದಿಯಲ್ಲಿ ಒಬ್ಬರೂ ಉಳಿಯಲಿಲ್ಲ.