ರಾಚಪ್ಪನ ವಸಡಿನ ಪಥ್ಯ

ಮಸಗುಪ್ಪಿಯ ರಾಚಪ್ಪನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ಸಿಟ್ಟು: ಅವಳು ಅವನ ವಸಡಿಗೆ ಮರ್ಯಾದೆ ಕೊಡುತ್ತಿರಲಿಲ್ಲ. ತಾಟಿನ ಮುಂದೆ ಕೂತು ಅವನು ವಸಡಿನ ಮಾತು ಎತ್ತಿದರೆ ಸಾಕು, ಕಾಶೆವ್ವ ಬಾಯಿಗೆ ಸೆರಗು ಹಿಡಿಯುತ್ತಿದ್ದಳು.

"ನಗಾಕತ್ತೀಯೇನ?"

"ಇಲ್ರಿ."

"ಮತ್ತ ಬಾಯಿಗ್ಯಾಕ ಸೆರಗ?"

"ಸುಮ್ನ ಉಣ್ರಿ, ರೊಟ್ಟಿ ಆರತೈತಿ."

ಆರು ತಿಂಗಳ ಹಿಂದೆ ಹಲ್ಲುಜ್ಜುವಾಗ ಅವನಿಗೆ ನಾಲ್ಕು ಹನಿ ರಕ್ತ ಬಂದಿತ್ತು. (ನಾಲ್ಕೇ. ಊರಿಗೆಲ್ಲ ಅವನು ಹೇಳಿದ್ದು ಅರ್ಧ ಚರಗಿ.) ಗೋಕಾಕದ ಹಲ್ಲಿನ ಡಾಕ್ಟರು ವಿಜಯಶ್ರೀ ಹಲ್ಲಿನ ಕಿಟ್ಟ ತೆಗೆದು, ತಂಬಾಕು ಬಿಡಿಸಿ, ಹಸಿ ತಪ್ಪಲು-ಸೊಪ್ಪು, ಮೊಸರು, ಕಾಳು, ಪೇರಲ ತಿನ್ನಲು ಹೇಳಿದ್ದರು. ಅಂದಿನಿಂದ ಮನೆಯಲ್ಲಿ ವಸಡಿನ ಸಾಮ್ರಾಜ್ಯ ಸ್ಥಾಪನೆಯಾಯಿತು. ಹೊಲದ ಹಕ್ಕರಿಕಿ ಸೊಪ್ಪು, ಮೆಂತ್ಯ ಎಲ್ಲ ಅವನ ತಾಟಿಗೆ. ಎಮ್ಮೆಯ ಮೊಸರು ಅವನ ಬಟ್ಟಲಿಗೆ. ಗಂಡ ಉಂಡೆದ್ದ ಮೇಲೆಯೇ ಹೆಂಡತಿ ಕೂರುವುದು ಆ ಮನೆಯ ಪದ್ಧತಿ. ಅಷ್ಟೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ. ಕಾಶೆವ್ವ ಅದನ್ನು ಬೆಲ್ಲದ ಚಹಾದಲ್ಲಿ ನೆನೆಸಿ ಉಣ್ಣುತ್ತಿದ್ದಳು. ಅವಳಿಗೆ ಅದೇ ಸೇರುತ್ತದೆಂದು ರಾಚಪ್ಪ ನಂಬಿದ್ದ, ಕೇಳುವ ಗೋಜಿಗೆ ಹೋಗಿರಲಿಲ್ಲ.

ಮತ್ತೆ ತೋರಿಸಲು ಹೋಗುವಾಗ ಹೆಂಡತಿಯನ್ನೂ ಕರೆದೊಯ್ದ. ತನ್ನ ಹೊಗಳಿಕೆ ಅವಳ ಕಿವಿಗೂ ಬೀಳಲಿ ಎಂದು.

"ಕಾಕಾ, ವಸಡು ಗಟ್ಟಿ ಆಗ್ಯಾವ. ಚಲೋ ಪಥ್ಯಾ ಮಾಡೀರಿ," ಎಂದರು ಡಾಕ್ಟರು.

"ಕೇಳಿದೇನ?" ಎಂದು ರಾಚಪ್ಪ ದಿಗ್ವಿಜಯದ ಮುಖ ಹೊತ್ತು ತಿರುಗಿದ. ಸೆರಗು ಆಗಲೇ ಬಾಯಿಗೆ ಹೋಗಿತ್ತು. "ನೋಡ್ರಿ ಬಾಯಾರ, ಆರ ತಿಂಗಳಾತು, ಹಿಂಗ ನಗತಾಳ. ನೀವರ ಬುದ್ಧಿ ಹೇಳ್ರಿ."

"ಕಾಕೂ, ಸೆರಗ ತಗೀರಿ ನೋಡೂಣು."

ಸೆರಗಿನ ಒಳಬದಿಯಲ್ಲಿ ರಕ್ತದ ಕಲೆಗಳಿದ್ದವು. ಮುಂದಿನ ನಾಲ್ಕು ಹಲ್ಲು ಬೆರಳು ತಾಗಿದರೆ ಅಲ್ಲಾಡುತ್ತಿದ್ದವು.

"ಏನ ಉಣತೀರಿ?"

"ಇವರು ಉಂಡು ಉಳಿದಿದ್ದರಿ."

"ಏನ ಉಳಿತೈತಿ?"

ಕಾಶೆವ್ವ ಗಂಡನ ಮುಖ ನೋಡಿದಳು. ರಾಚಪ್ಪನೇ ಹೇಳಬೇಕಾಯಿತು. "ರೊಟ್ಟಿರಿ. ಮತ್ತ ಚಾ."

"ರೋಗ ಹಳೇದೈತಿ, ಬರೇ ಊಟದಿಂದ ಬಂದದ್ದಲ್ಲ. ಆದ್ರ ಇಂಥಾ ಊಟದಾಗ ವಸಡು ಹ್ಯಾಂಗ ತಡೀತಾವ?" ಎಂದರು ಡಾಕ್ಟರು. "ಎರಡು ಹಲ್ಲು ತಗೀಲೇಬೇಕು. ಉಳಿದೆರಡು ನೋಡೂಣು."

ನಾಚಿಕೆಯಿಂದ ರಾಚಪ್ಪನಿಗೆ ತನ್ನ ಗಟ್ಟಿ ವಸಡುಗಳೇ ಬಾಯಲ್ಲಿ ಭಾರವಾದವು.

ಮರುವಾರ ಆ ಮನೆಯಲ್ಲಿ ಮೊದಲ ತಾಟು ಕಾಶೆವ್ವನಿಗೆ ಬಂತು. ತಾಟಿನ ತುಂಬ ಹಕ್ಕರಿಕಿ ಇತ್ತು, ಎರಡು ಹಲ್ಲು ತೆಗೆಸಿಕೊಂಡ ಬಾಯಿಗೆ ಅದನ್ನು ಅಗಿಯಲು ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒರಳು ಮುಟ್ಟದ ರಾಚಪ್ಪ ಬೆವರು ಸುರಿಸುತ್ತ ತಪ್ಪಲು ಕುಟ್ಟತೊಡಗಿದ. ಅರ್ಧ ಸೊಪ್ಪು ನೆಲಕ್ಕೆ, ಉಳಿದದ್ದು ಅವನ ಮೀಸೆಗೆ. ಕಾಶೆವ್ವನ ಸೆರಗು ಮತ್ತೆ ಬಾಯಿಗೆ ಹೋಯಿತು.

"ನಗಾಕತ್ತೀಯೇನ?" ಎಂದ. ಈ ಸಲ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಹೂಂನ್ರಿ. ಇವತ್ತ ಖರೇನ ನಗಾಕತ್ತೇನಿ."

ಸೆರಗು ತೆಗೆದು ತೋರಿಸು ಎನ್ನುವ ಧೈರ್ಯ ಅವನಿಗೆ ಬರಲಿಲ್ಲ.