ಡ್ರಿಲ್ ಮೇಷ್ಟ್ರ ದ್ವೀಪ, ನನ್ನ ಹೊಟ್ಟೆಕಿಚ್ಚು

ನಾನು ಆಸೆಪಟ್ಟದ್ದು ಪಕ್ಕದವರಿಗೆ ಸಿಗುವುದು ಎಷ್ಟು ಸಲ ಆಗಿದೆಯೆಂದರೆ, ಈಗೀಗ ನನಗೇನಾದರೂ ಬೇಕೆನಿಸಿದರೆ ಪಕ್ಕದವರೇ ಮೊದಲು ಖುಷಿಪಡುತ್ತಾರೆ. ನ್ಯಾಮತಿ ತಾಲೂಕಿನಲ್ಲಿ, ಸವಳಂಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಇಕೋ ಕ್ಲಬ್ಬೂ ಮೊದಲಿನಿಂದ ನನ್ನದೇ. ಗಿಡ ನೆಡಿಸಿದವನು ನಾನು, ಮೇಕೆ ಓಡಿಸಿದವನು ನಾನು, ಮೇಕೆಯ ಯಜಮಾನರಿಂದ ಬೈಸಿಕೊಂಡವನೂ ನಾನೇ. ದ್ವೀಪ ನೋಡಿಬಂದವರು ಮಾತ್ರ ನಮ್ಮ ಡ್ರಿಲ್ ಮೇಷ್ಟ್ರು.

ಈಜು ಬರ್ತೈತಾ?

ಕಳೆದ ವರ್ಷ ಒಂದು ಪತ್ರ ಬಂತು. ನಮ್ಮ ಇಕೋ ಕ್ಲಬ್ಬಿನ ಹತ್ತು ಮಕ್ಕಳಿಗೆ ಅಂಡಮಾನಿನ ಒಂದು ದ್ವೀಪದಲ್ಲಿ ವಾರದ ಪ್ರಕೃತಿ ಸಂರಕ್ಷಣಾ ಶಿಬಿರ, ಜೊತೆಗೆ ಒಬ್ಬ ಶಿಕ್ಷಕರು. ಆ ಒಬ್ಬರು ಯಾರು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮನೆಯಲ್ಲಿ ಹೇಳಿದೆ, ಬೀದಿಯಲ್ಲಿ ಹೇಳಿದೆ, ಹಾಲು ಹಾಕುವವನಿಗೆ ಒಂದು ವಾರ ಅರ್ಧ ಲೀಟರ್ ಕಡಿಮೆ ಸಾಕು ಎಂದೂ ಹೇಳಿದೆ.

ಮರುದಿನ ಹೆಡ್ ಮೇಡಂ ಕರೆದರು. "ಸರ್, ನಿಮಗೆ ಈಜು ಬರ್ತೈತಾ? ಪತ್ರದಾಗೆ ಕಡ್ಡಾಯ ಅಂತ ಬರೆದಾರೆ."

ಬರುವುದಿಲ್ಲ. ನಾನು ಹುಟ್ಟಿದಾಗ ಜಾತಕ ಬರೆದವರು ಇವನಿಗೆ ಜಲಗಂಡ ಇದೆ, ನೀರಿನಿಂದ ಪ್ರಾಣಕ್ಕೆ ಅಪಾಯ ಎಂದುಬಿಟ್ಟಿದ್ದರು. ಅಂದಿನಿಂದ ಅಮ್ಮ ನನ್ನನ್ನು ನಮ್ಮೂರು ಉಬ್ರಾಣಿಯಲ್ಲಿ ಕೆರೆ ಏರಿಯ ಮೇಲೂ ನಡೆಯಲು ಬಿಟ್ಟವಳಲ್ಲ. ಹೊನ್ನಾಳಿಯವರಾದ ಡ್ರಿಲ್ ಮೇಷ್ಟ್ರೋ, ತುಂಗಭದ್ರೆಯಲ್ಲೇ ಬಿದ್ದು ಎದ್ದು ಬೆಳೆದವರು. ಮೇಡಂ ಅವರನ್ನೇ ಕರೆಸಿದರು.

"ಮೇಡಂ, ನಂಗೆ ಗಿಡದಾಗೆ ಗುರ್ತು ಸಿಗಾದು ಬೇವು ಒಂದೇ," ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಿದರು.

"ಇರ್ಲಿ ಬಿಡ್ರಿ, ಸಮುದ್ರದಾಗೆ ಗಿಡ ಎಲ್ಲಿರ್ತಾವೆ?"

ಇರುತ್ತವೆ ಎಂದು ನಾನು ಒಂದಿಡೀ ಪೀರಿಯಡ್ ವಿವರಿಸಿದೆ. ಮೇಡಂ ಗಮನವಿಟ್ಟು ಕೇಳಿ, "ಎಷ್ಟು ಚೆನ್ನಾಗಿ ಹೇಳಿದ್ರಿ! ಇದನ್ನೆಲ್ಲ ಬರೆದು ಡ್ರಿಲ್ ಮೇಷ್ಟ್ರ ಕೈಗೆ ಕೊಡ್ರಿ," ಎಂದರು.

ಹವಳದ ಉಂಗುರ

ಡ್ರಿಲ್ ಮೇಷ್ಟ್ರಿಗೆ ಕುಜದೋಷ. ಮದುವೆ ಕೂಡಿಬರಲೆಂದು ಬೆರಳಿಗೆ ಕಡಲೆಬೀಜದಷ್ಟು ದಪ್ಪದ ಕೆಂಪು ಹವಳದ ಉಂಗುರ ಹಾಕಿಸಿಕೊಂಡಿದ್ದರು. ಹವಳ ಉಳಿಸಿ ಎಂದು ಕಲಿಸುವ ಶಿಬಿರಕ್ಕೆ ಅದೇ ಕೈ ಬೀಸಿಕೊಂಡು ಹೊರಟರು. ನಾನು ನೋಡಿದೆ. ಹೇಳಬೇಕಿತ್ತು, ಹೇಳಲಿಲ್ಲ. ಎಲ್ಲರೆದುರು ಒಂದು ಸಲವಾದರೂ ಮುಖಭಂಗವಾಗಲಿ ಎಂದು ಒಳಗೊಳಗೇ ಕುಣಿಯುತ್ತಾ ಬಸ್ಸು ಹತ್ತಿಸಿ ಬಂದೆ.

ಮೂರನೆಯ ದಿನ ಅಲ್ಲಿನ ಅಧಿಕಾರಿ, "ಹವಳ ಕಲ್ಲಲ್ಲ, ಜೀವಿಗಳು ಕಟ್ಟಿದ ಮನೆ," ಎಂದರಂತೆ. ನಮ್ಮ ಹತ್ತು ಮಕ್ಕಳ ತಲೆಯೂ ಒಟ್ಟಿಗೆ ಮೇಷ್ಟ್ರ ಬೆರಳಿನ ಕಡೆ ತಿರುಗಿತಂತೆ. ಮೇಷ್ಟ್ರು ಎದ್ದು ನಿಂತು, ಉಂಗುರ ಕಳಚಿ ಅಧಿಕಾರಿಯ ಕೈಗಿಟ್ಟು, "ನಂಗೆ ಮದುವೆ ಆಗದಿದ್ರೂ ಚಿಂತಿಲ್ಲ, ಸಮುದ್ರ ಚೆನ್ನಾಗಿರ್ಲಿ," ಎಂದರಂತೆ. ಚಪ್ಪಾಳೆಯೋ ಚಪ್ಪಾಳೆ. ಅದರ ಫೋಟೊ ನಮ್ಮ ಕಡೆಯ ಪೇಪರಿನಲ್ಲೂ ಬಂತು.

ಅದನ್ನು ನೋಡಿ ಅದೇ ವಾರ ಚನ್ನಗಿರಿಯಿಂದ ಎರಡು, ಹೊನ್ನಾಳಿಯಿಂದ ಒಂದು ಸಂಬಂಧ ಕೇಳಿಕೊಂಡು ಬಂದವು.

ತೀರ್ಥ

ನಮ್ಮ ಕಡೆ ಸಮುದ್ರ ನೋಡಿಬಂದವರೆಂದರೆ ಯಾತ್ರೆ ಮಾಡಿಬಂದವರೆಂದೇ ಲೆಕ್ಕ. ಮೇಷ್ಟ್ರು ವಾಪಸು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಹಾರ, ಕಾಯಿ, ಬಿಂದಿಗೆ ನೀರು ಎಲ್ಲ ಸಿದ್ಧವಾಗಿತ್ತು. ಎಲ್ಲರಿಗಿಂತ ಮುಂದೆ, ಉಬ್ರಾಣಿಯಿಂದ ಬೆಳಗಿನ ಬಸ್ಸಿಗೇ ಬಂದು ನಿಂತಿದ್ದವಳು ನನ್ನ ಅಮ್ಮ.

"ಸಮುದ್ರ ದಾಟಿ ಬಂದೀಯಪ್ಪ, ಒಂಚೂರು ತೀರ್ಥ ಕೊಡು," ಎಂದಳು.

"ಅಲ್ಲಿಂದ ಏನೂ ತರಾಕೆ ಬಿಡಲ್ಲಮ್ಮ. ಒಂದು ಚಿಪ್ಪು ಸೈತ ತರಂಗಿಲ್ಲ, ರೂಲ್ಸು."

ಅಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಅವರ ಬೂಟು ಬಿಚ್ಚಿಸಿ, ಬೇಡ ಬೇಡ ಎನ್ನುತ್ತಿದ್ದರೂ ಕಾಲಿಗೆ ನೀರು ಹೊಯ್ದು, ಆ ನೀರನ್ನೇ ಅಂಗೈಯಲ್ಲಿ ಹಿಡಿದು ನನ್ನ ತಲೆಗೆ ಚಿಮುಕಿಸಿದಳು.

"ಸಮುದ್ರದಾಗೆ ನಿಂತ ಕಾಲು. ಇನ್ನು ನಿನ್ನ ಜಲಗಂಡ ಕಳೀತು ತಗಾ," ಎಂದಳು. ನಲವತ್ತನಾಲ್ಕು ವರ್ಷ ಕಾದಿದ್ದ ಅಪ್ಪಣೆ, ಶಿಬಿರ ಮುಗಿದ ಮೇಲೆ, ಡ್ರಿಲ್ ಮೇಷ್ಟ್ರ ಪಾದದಿಂದ ಸಿಕ್ಕಿತು.

ಹೊಳೆಗಿಳಿದದ್ದು

ಮುಂದಿನ ವರ್ಷದ ಶಿಬಿರ ಬಿಡಬಾರದು ಎಂದು ಹಟ ಹಿಡಿದೆ. ಈಜು ಕಲಿಸಲು ಸಿಕ್ಕವರೂ ಅವರೇ. ಭಾನುವಾರ ಹೊನ್ನಾಳಿಯಲ್ಲಿ ನನ್ನ ಬೆನ್ನಿಗೆ ಎರಡು ಖಾಲಿ ಎಣ್ಣೆ ಕ್ಯಾನು ಕಟ್ಟಿ ಹೊಳೆಗೆ ಇಳಿಸಿದರು. ದಡದಲ್ಲಿ ಕೂತು ಪೀಪಿ ಊದುತ್ತಾ "ಕೈ ಹೊಡೀರಿ! ಕಾಲು ಬಡೀರಿ!" ಎನ್ನುತ್ತಿದ್ದರು. ಹೊಡೆದೆ, ಬಡಿದೆ, ಕುಡಿದೆ. ಕೊನೆಗೆ ಕಣ್ಣು ಕತ್ತಲಾಗಿ, ಮನೆದೇವರನ್ನು ನೆನೆದು "ಮುಳುಗಿದೆ!" ಎಂದು ಕೂಗಿದೆ.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿ ತಲೆಯೆತ್ತಿ, "ಎದ್ದು ನಿಂತ್ಕಳ್ರಿ ಮೇಷ್ಟ್ರೇ, ಮೊಣಕಾಲುದ್ದ ಐತೆ. ನನ್ನ ಸೀರೆಗೆಲ್ಲ ರಾಡಿ ಹಾರ್ತೈತೆ," ಎಂದಳು.

ಎರಡನೆಯ ಪತ್ರ

ಆದರೂ ಕಲಿತೆ. ಬೇಸಿಗೆ ಮುಗಿಯುವಷ್ಟರಲ್ಲಿ ಕ್ಯಾನಿಲ್ಲದೆ ಈಜತೊಡಗಿದೆ. ಈ ವರ್ಷದ ಪತ್ರ ಬಂದಾಗ ಮೇಡಂ ನಗುತ್ತಾ, "ಸರ್, ಈ ಸಲ ನೀವೇ," ಎಂದರು. ನಿಂತಲ್ಲೇ ಓದಿದೆ. ಈ ಸಲ ನಾವು ದ್ವೀಪಕ್ಕೆ ಹೋಗುವುದಲ್ಲವಂತೆ, ದ್ವೀಪದ ಮಕ್ಕಳೇ ಈ ಕಡೆ ಬರುತ್ತಾರಂತೆ. ಶಿಬಿರ ಜಗಳೂರು ತಾಲೂಕಿನ ಕಾಡಿನಲ್ಲಿ. ಅಲ್ಲಿರುವ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಜಿಂಕೆಯನ್ನು ತೋರಿಸುವುದು ನನ್ನ ಕೆಲಸ.

ದ್ವೀಪದ ಮಕ್ಕಳ ಗುರುತಿದೆ ಎಂದು ಡ್ರಿಲ್ ಮೇಷ್ಟ್ರೂ ಬಂದರು. ಕುರುಚಲು ಗಿಡ, ಸುಡು ಬಿಸಿಲು, ಹನಿ ನೀರಿಲ್ಲ. ಮೂರು ಗಂಟೆ ಸುತ್ತಿದರೂ ನಾನು ತೋರಿಸಿದ್ದು ಕೊಂಡುಕುರಿಯ ಹಿಕ್ಕೆ ಮಾತ್ರ. ಮಕ್ಕಳೆಲ್ಲ ಹಳೆಯ ನೆಂಟರಂತೆ ಡ್ರಿಲ್ ಮೇಷ್ಟ್ರನ್ನೇ ಮುತ್ತಿಕೊಂಡಿದ್ದರು. ನನಗೆ ಅಳು ಬರುವುದೊಂದು ಬಾಕಿ.

ದ್ವೀಪದ ಮೇಷ್ಟ್ರೊಬ್ಬರು ದಿಬ್ಬದ ಮೇಲೆ ಒಂಟಿಯಾಗಿ ನಿಂತಿದ್ದರು. ನಾನು ಹೋಗಿ ನನ್ನ ಮುರುಕು ಹಿಂದಿಯಲ್ಲಿ, ತೋರಿಸಲು ಏನೂ ಸಿಗಲಿಲ್ಲ, ಬೇಜಾರಾಗಬೇಡಿ ಎಂದೆ.

ಅವರು ಸುತ್ತಲೂ ಕೈ ತೋರಿಸಿ, "ಈ ನೆಲ ಎಲ್ಲಿ ಮುಗಿಯುತ್ತೆ?" ಎಂದು ಕೇಳಿದರು.

"ಎಲ್ಲಿ ಮುಗಿಯುತ್ತೆ? ಹಿಂಗೇ ಹೋಗುತ್ತೆ."

"ನಮ್ಮಲ್ಲಿ ಯಾವ ದಿಕ್ಕಿಗೆ ನಡೆದರೂ ಅರ್ಧ ಗಂಟೆಗೆ ನೀರು. ಅಪ್ಪನಿಗೆ ಎದೆನೋವು ಬಂದ ದಿನ ಸಮುದ್ರ ಶಾಂತವಾಗಲಿ ಎಂದು ಎರಡು ದಿನ ಕಾದೆವು. ನೀವು ಎದ್ದು ಬಸ್ಸು ಹತ್ತಿದರೆ ಆಯಿತು. ಸರ್, ನಿಮ್ಮನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತೆ."

ಅವರ ಅಪ್ಪ ಹೇಗಿದ್ದಾರೆ ಎಂದು ಕೇಳಿದೆ, ಚೆನ್ನಾಗಿದ್ದಾರೆ ಎಂದರು. ಸಮಾಧಾನವಾಯಿತು. ಆಮೇಲೆ ದಿಬ್ಬದಿಂದ ಇಳಿದು ಓಡಿ, ಮಕ್ಕಳ ಮಧ್ಯದಿಂದ ಡ್ರಿಲ್ ಮೇಷ್ಟ್ರನ್ನು ಕೈಹಿಡಿದು ಎಳೆತಂದು ಅವರೆದುರು ನಿಲ್ಲಿಸಿ, ದ್ವೀಪದ ಮೇಷ್ಟ್ರಿಗೆ ಎರಡೂ ಕೈ ಮುಗಿದೆ.

"ಸರ್, ಆ ಕೊನೇ ಮಾತು ಇನ್ನೊಂದು ಸಲ ಹೇಳಿ. ಸ್ವಲ್ಪ ಜೋರಾಗಿ."